ಕಾಗದದ ಹೂಗಳ ಮೇರಿ ಡಿಲೇನಿ

ಹೆಣ್ಣುಮಕ್ಕಳ ಶಾಲೆಗಳಲ್ಲಿ ಕಲಿಸುವ ಕೈಕೆಲಸದ ವಿಷಯವಾಗಿ ಪೋಷಕರಲ್ಲಿ ಎರಡು ಬಗೆಯ ಅಭಿಪ್ರಾಯಗಳಿರುವುದುಂಟು. ಮಣಿ ಪೋಣಿಸುವುದು, ಲೇಸು ಹೆಣೆಯುವುದು, ಕಸೂತಿ ಹಾಕುವುದು, ಬಣ್ಣದ ಕಾಗದ ಕತ್ತರಿಸುವುದು ಇವೆಲ್ಲ ಹೊತ್ತು ಕಳೆಯುವ ಆಟಗಳೆಂದು ಕೆಲವರು ಎಣಿಸುವರು. ಮದುವೆಯ ಕಾಲದಲ್ಲಿ ವರನ ಕಡೆಯವರಿಗೆ ತೋರಿಸಲು ನಾಲ್ಕು ವಸ್ತುಗಳು ಸಿದ್ಧವಾದರೆ ಸಾಕೆಂದು ಬೇರೆ ಕೆಲವರು ಎಣಿಸುವರು. ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಅನೇಕರು ಮಕ್ಕಳುಮರಿಗಳಾದ ಮೇಲೆ ಸೂಜಿ ಮಣಿಗಳ ಡಬ್ಬಿಯನ್ನು ಅಟ್ಟಕ್ಕೇರಿಸಿ, ತಮಗೆ ವಯಸ್ಸಾಯಿತೆಂದೂ ಕಲಿತದ್ದೆಲ್ಲ ಮರೆತುಹೋಯಿತೆಂದೂ ಹೇಳುತ್ತಾರೆ. ಇವರೆಲ್ಲರೂ ಓದತಕ್ಕ ಒಂದು ಜೀವನಚರಿತ್ರೆಯುಂಟು. ಶಾಲೆಯಲ್ಲಿ ಬಿದ್ದ ಒಂದು ಸಣ್ಣ ಬೀಜವು ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ಮಣ್ಣಿನೊಳಗಿದ್ದು, ಆಮೇಲೆ ಮೊಳೆತು ಹೂಬಿಟ್ಟ ಕಥೆಯದು. ಇಂಗ್ಲೆಂಡಿನ ಮೇರಿ ಡಿಲೇನಿ ಎಂಬಾಕೆಯ ಆ ಚರಿತ್ರೆಯನ್ನು ಈ ಸಂಚಿಕೆಯ ಓದುಗರ ಮುಂದಿಡುತ್ತೇನೆ.

ಮೇರಿಯು 1700ನೇ ಇಸವಿ ಮೇ ತಿಂಗಳ 14ನೇ ತಾರೀಕು ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯ ಕೂಲ್‌ಸ್ಟನ್ ಎಂಬ ಊರಿನಲ್ಲಿ ಹುಟ್ಟಿದಳು. ಆಕೆಯ ತಂದೆ ಬರ್ನಾರ್ಡ್ ಗ್ರ್ಯಾನ್‌ವಿಲ್ ಎಂಬುವನು. ಮನೆತನವು ದೊಡ್ಡದು; ಆದರೆ ತಂದೆಯ ಕೈಯಲ್ಲಿ ಹಣವು ಹೆಚ್ಚಾಗಿರಲಿಲ್ಲ. ಆರನೆಯ ವಯಸ್ಸಿನಲ್ಲಿ ಮೇರಿಯನ್ನು ಒಂದು ಸಣ್ಣ ಶಾಲೆಗೆ ಸೇರಿಸಿದರು. ಆ ಶಾಲೆಯ ಉಪಾಧ್ಯಾಯಿನಿಯಾದ ಪ್ಯುಯೆಲ್ ಎಂಬಾಕೆಯು ಇಂಗ್ಲೆಂಡಿನಲ್ಲಿ ಆಶ್ರಯ ಪಡೆದಿದ್ದ ಫ್ರೆಂಚ್ ನಿರಾಶ್ರಿತೆ. ಇಪ್ಪತ್ತಕ್ಕಿಂತ ಹೆಚ್ಚು ಹುಡುಗಿಯರನ್ನು ಆಕೆಯು ಸೇರಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಮೇರಿಯು ಕಾಗದದಿಂದ ಚಿಕ್ಕ ಚಿಕ್ಕ ಹೂಗಳನ್ನೂ ಹಕ್ಕಿಗಳನ್ನೂ ಕತ್ತರಿಸುವ ಅಭ್ಯಾಸ ಮಾಡಿಕೊಂಡಳು. ಆಕೆಯ ಸಹಪಾಠಿನಿಯೊಬ್ಬಳು ಅವುಗಳನ್ನು ಆರಿಸಿಕೊಂಡು ತನ್ನ ಉಡುಪಿನ ಮೇಲೆ ಗುಂಡುಸೂಜಿಯಿಂದ ಸಿಕ್ಕಿಸಿಕೊಳ್ಳುತ್ತಿದ್ದಳಂತೆ. ಮಕ್ಕಳ ಆಟವೆಂದು ಯಾರಾದರೂ ನಗಬಹುದಾದ ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ತರುವಾಯ ಆಕೆಯನ್ನು ಲಂಡನ್ನಿನಲ್ಲಿದ್ದ ಸ್ಟ್ಯಾನ್ಲಿ ಎಂಬ ಅತ್ತೆಮಾವಂದಿರ ಮನೆಯಲ್ಲಿ ಬೆಳೆಸಿದರು. 1710ನೇ ಇಸವಿಯಲ್ಲಿ ಪ್ರಸಿದ್ಧ ಸಂಗೀತಗಾರನಾದ ಹ್ಯಾಂಡೆಲನು ಆ ಮನೆಗೆ ಬಂದು, ಮೇರಿಯ ಚಿಕ್ಕ ವಾದ್ಯದ ಮುಂದೆ ಕುಳಿತು ಅದ್ಭುತವಾಗಿ ನುಡಿಸಿದನು. ಅವನು ಹೋದ ಕೂಡಲೇ ಹತ್ತು ವರ್ಷದ ಹುಡುಗಿಯು ಅದೇ ವಾದ್ಯದ ಮುಂದೆ ಕುಳಿತು ತನ್ನ ಪಾಠವನ್ನು ನುಡಿಸತೊಡಗಿದಳು. ಎಂದಾದರೂ ಅವನಂತೆ ನುಡಿಸಬಲ್ಲೆಯಾ ಎಂದು ಮಾವನು ಪರಿಹಾಸ್ಯವಾಗಿ ಕೇಳಲು, ಆ ನಂಬಿಕೆಯಿಲ್ಲದಿದ್ದರೆ ಈ ವಾದ್ಯವನ್ನು ಸುಟ್ಟುಬಿಡುತ್ತಿದ್ದೆನೆಂದು ಆಕೆಯು ಉತ್ತರ ಕೊಟ್ಟಳಂತೆ. ಹ್ಯಾಂಡೆಲನ ಸ್ನೇಹವು ಅವನ ಜೀವಮಾನವೆಲ್ಲ ಆಕೆಗಿತ್ತು.

ಮೇರಿಯನ್ನು ಅರಮನೆಯಲ್ಲಿ ರಾಣಿಯ ಸಖಿಯಾಗಿ ಸೇರಿಸಬೇಕೆಂದು ಹಿರಿಯರು ಯೋಚಿಸಿದ್ದರು. ಆದರೆ 1714ರಲ್ಲಿ ಆನ್ ರಾಣಿಯು ತೀರಿಕೊಂಡಳು. ರಾಜ್ಯದಲ್ಲಿ ಎದುರುಪಕ್ಷದವರ ಕೈ ಮೇಲಾಯಿತು. ಗ್ರ್ಯಾನ್‌ವಿಲ್ ಮನೆತನದವರು ಆಶ್ರಯ ತಪ್ಪಿ ಗ್ಲಾಸ್ಟರ್‌ಷೈರ್ ಸೀಮೆಯ ಬಕ್‌ಲೆಂಡ್ ಎಂಬ ಹಳ್ಳಿಗೆ ಹೋಗಿ ವಾಸಮಾಡಬೇಕಾಯಿತು. ಇಂಥ ಸಂಕಟದ ಕಾಲದಲ್ಲಿ ಹೆಣ್ಣುಮಗಳ ಮದುವೆಯು ಮನೆತನದ ಸಾಲ ತೀರಿಸುವ ಉಪಾಯವಾಗುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ದುಃಖದ ಸಂಗತಿ. ಆಕೆಯ ದೊಡ್ಡಪ್ಪನಾದ ಲ್ಯಾನ್ಸ್‌ಡೌನ್ ಪ್ರಭುವು ತನ್ನ ಸ್ನೇಹಿತನಾದ ಅಲೆಗ್ಸಾಂಡರ್ ಪೆಂಡಾರ್ವಿಸ್ ಎಂಬುವನಿಗೆ ಆಕೆಯನ್ನು ಕೊಡಲು ನಿಶ್ಚಯಿಸಿದನು. 1718ನೇ ಇಸವಿ ಫೆಬ್ರವರಿಯಲ್ಲಿ ವಿವಾಹವಾಯಿತು. ಕನ್ಯೆಗೆ ಹದಿನೇಳು ವರ್ಷ, ವರನಿಗೆ ಸುಮಾರು ಅರುವತ್ತು. ಹುಡುಗಿಯ ಮನಸ್ಸನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ತಂದೆತಾಯಿಗಳ ಸಂಕಟವನ್ನು ನೋಡಿ ಆಕೆಯು ಇಲ್ಲವೆನ್ನುತ್ತಿರಲಿಲ್ಲ.

ಕಾರ್ನ್‌ವಾಲ್ ಸೀಮೆಯಲ್ಲಿದ್ದ ಆ ಮನುಷ್ಯನ ಹಳೆಯ ಮನೆಯು ಆಕೆಗೆ ಸೆರೆಮನೆಯಂತೆ ತೋರಿತು. ಅವನು ರೋಗಿಯೂ ಸಂಶಯಗ್ರಸ್ತನೂ ಆಗಿದ್ದನು. ಮುಂದೆ ಮದ್ಯಪಾನಕ್ಕೂ ವಶನಾದನು. ಹೆಂಡತಿಯಾಗಿ ತನ್ನ ಕರ್ತವ್ಯವನ್ನು ಮೇರಿಯು ತಪ್ಪಿಸಲಿಲ್ಲ. ಸುಮಾರು ಏಳು ವರ್ಷಗಳ ಬಳಿಕ ಒಂದು ಬೆಳಗ್ಗೆ ಆಕೆಯು ಎದ್ದು ನೋಡುವಲ್ಲಿ ಗಂಡನು ಹಾಸಿಗೆಯಲ್ಲೇ ಸತ್ತಿದ್ದನು. ಆಕೆಗೆ ಅನುಕೂಲವಾಗುವಂತೆ ಮರಣಪತ್ರವನ್ನು ಬದಲಿಸದೆ ಅವನು ಹೋದದ್ದರಿಂದ, ಯಾವ ಆಸ್ತಿಗಾಗಿ ಹಿರಿಯರು ಆಕೆಯ ಎಳೆಯ ಪ್ರಾಯವನ್ನು ಒಪ್ಪಿಸಿಕೊಟ್ಟರೋ ಆ ಆಸ್ತಿಯೂ ಆಕೆಯ ಕೈಗೆ ಬರಲಿಲ್ಲ. ಜೀವನಕ್ಕೆ ಸಾಲುವಷ್ಟು ಸಣ್ಣ ಆದಾಯವು ಮಾತ್ರ ಉಳಿಯಿತು. ಹೆಣ್ಣುಮಕ್ಕಳ ತಂದೆತಾಯಿಗಳು ಈ ಭಾಗವನ್ನು ಎರಡು ಸಾರಿ ಓದಬೇಕೆಂದು ನನ್ನ ಬಿನ್ನಹ.

ಇಪ್ಪತ್ತೈದು ವರ್ಷವೂ ತುಂಬದ ವಿಧವೆಯು ಮತ್ತೊಬ್ಬ ಧನಿಕನನ್ನು ಹುಡುಕಲಿಲ್ಲ. ಓದು, ಸಂಗೀತ, ಚಿತ್ರಲೇಖನ, ಕಸೂತಿ, ಪತ್ರಲೇಖನ ಇವುಗಳಲ್ಲಿ ಮನಸ್ಸಿಟ್ಟು ಕಾಲ ಕಳೆದಳು. ತಂಗಿಯಾದ ಆನಳಿಗೆ ಆಕೆಯು ಬರೆದ ಕಾಗದಗಳಲ್ಲಿ ಆ ಕಾಲದ ಮನೆಗಳು, ಉಡುಪುಗಳು, ತೋಟಗಳು, ಜನರ ನಡೆನುಡಿಗಳು ಕಣ್ಣಿಗೆ ಕಟ್ಟಿದಂತೆ ಕಾಣುತ್ತವೆ. ಮೆಥಡಿಸ್ಟ್ ಸಭೆಗೆ ಮೂಲಪುರುಷನಾದ ಜಾನ್ ವೆಸ್ಲಿಯು ಆಗ ಆಕ್ಸ್‌ಫರ್ಡಿನಲ್ಲಿದ್ದ ಯುವಕನು. ಗ್ಲಾಸ್ಟರ್‌ಷೈರಿನ ಸ್ನೇಹಿತರ ಮೂಲಕ ಅವನ ಪರಿಚಯವಾಗಿ, 1730ರಿಂದ ಕೆಲವು ವರ್ಷ ಇಬ್ಬರಿಗೂ ಕ್ರೈಸ್ತ ನಡತೆಯ ವಿಷಯವಾಗಿ ಪತ್ರವ್ಯವಹಾರ ನಡೆಯಿತು. ಆ ಗೆಳೆಯರ ಗುಂಪಿನಲ್ಲಿ ಹಳೆಯ ಕಾವ್ಯಗಳ ಹೆಸರಿನಂಥ ಹೆಸರುಗಳನ್ನಿಟ್ಟುಕೊಳ್ಳುವ ರೂಢಿಯಿದ್ದು, ಮೇರಿಯನ್ನು ಅಸ್ಪೇಸಿಯ ಎಂದು ಕರೆಯುತ್ತಿದ್ದರು.

ಆಕೆಯ ಕೈಕೆಲಸದಲ್ಲಿ ಈ ಕಾಲದ ಒಂದು ವಸ್ತುವನ್ನು ವಿಶೇಷವಾಗಿ ಹೇಳಬೇಕು. ಸುಮಾರು 1740ರಲ್ಲಿ ಅರಮನೆಯ ಸಮಾರಂಭಕ್ಕಾಗಿ ಆಕೆಯು ಕಪ್ಪು ಸ್ಯಾಟಿನ್ ಬಟ್ಟೆಯ ಉಡುಪೊಂದನ್ನು ಹೂಗಳ ಕಸೂತಿಯಿಂದ ಅಲಂಕರಿಸಲು ನಮೂನೆ ಮಾಡಿದಳು. ಅದರ ತುಂಡುಗಳು ಇಂದಿಗೂ ಉಳಿದಿವೆ. ಸಾಮಾನ್ಯ ಕಸೂತಿಯಲ್ಲಿ ಕಾಣುವ ಹೆಸರಿಲ್ಲದ ಅಲಂಕಾರದ ಹೂಗಳು ಅದರಲ್ಲಿಲ್ಲ. ಗುಲಾಬಿಯೋ ಲಿಲ್ಲಿಯೋ ಎಂದು ಗಿಡವನ್ನು ಬಲ್ಲವರು ಗುರುತಿಸುವಂತೆ ಪ್ರತಿಯೊಂದು ಹೂವೂ ಕಪ್ಪು ನೆಲದ ಮೇಲೆ ಬೆಳಗುತ್ತದೆ. ಕಪ್ಪಿನ ಮೇಲೆ ಬಣ್ಣವು ಹೇಗೆ ಜೀವಂತವಾಗುವುದೆಂಬುದನ್ನು ಆಕೆಯ ಕಣ್ಣು ಆಗಲೇ ಕಲಿತಿತ್ತು.

1743ನೇ ಇಸವಿಯಲ್ಲಿ, ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಮೇರಿಯು ಐರ್ಲೆಂಡಿನ ಸಭಾಪಾಲಕನಾದ ಡಾಕ್ಟರ್ ಪ್ಯಾಟ್ರಿಕ್ ಡಿಲೇನಿಯನ್ನು ವರಿಸಿದಳು. ಕುಲದಲ್ಲಿ ತಮಗೆ ಸಮಾನನಲ್ಲವೆಂದು ಆಕೆಯ ಅಣ್ಣನು ಅಸಮಾಧಾನಪಟ್ಟನು. ಈ ಸಾರಿ ಆಕೆಯು ತನ್ನ ಮನಸ್ಸನ್ನು ತಾನೇ ಕೇಳಿಕೊಂಡಳು. ಮರುವರ್ಷ ಅವನಿಗೆ ಡೌನ್ ಎಂಬ ಸ್ಥಳದ ಡೀನ್ ಪದವಿಯು ದೊರೆಯಿತು. ಡಬ್ಲಿನ್ ಪಟ್ಟಣದ ಸಮೀಪದಲ್ಲಿ ಗ್ಲಾಸ್ನೆವಿನ್ ಎಂಬಲ್ಲಿದ್ದ ಡೆಲ್‌ವಿಲ್ ಎಂಬ ಅವರ ಮನೆಯೂ ತೋಟವೂ ಆಕೆಯ ಕೆಲಸದ ಶಾಲೆಯಾದುವು.

ಡೆಲ್‌ವಿಲ್ಲಿನ ಜೀವನವನ್ನು ಆಕೆಯ ಕಾಗದಗಳಿಂದ ತಿಳಿಯಬಹುದು. ಸಮುದ್ರತೀರದಿಂದ ಆರಿಸಿ ತಂದ ಚಿಪ್ಪುಗಳನ್ನು ಬಣ್ಣಕ್ಕೂ ಗಾತ್ರಕ್ಕೂ ತಕ್ಕಂತೆ ವಿಂಗಡಿಸುವುದು ಆಕೆಗೆ ಬಹು ಪ್ರಿಯವಾದ ಕೆಲಸ. ನಮ್ಮ ಹುಡುಗಿಯರು ಮಣಿಗಳನ್ನು ತಟ್ಟೆಯಲ್ಲಿ ಹರಡಿ ಬಣ್ಣಬಣ್ಣವಾಗಿ ಬೇರ್ಪಡಿಸುವಂತೆಯೇ ಇದು. ಹಾಗೆ ವಿಂಗಡಿಸಿದ ಚಿಪ್ಪುಗಳನ್ನು ಒಂದೊಂದಾಗಿ ಅಂಟಿಸಿ, ಮನೆಯ ಪ್ರಾರ್ಥನಾಮಂದಿರವನ್ನು ಗಾರೆಯ ಶಿಲ್ಪವೋ ಎಂಬಂತೆ ಅಲಂಕರಿಸಿದಳು. ಕುರ್ಚಿಗಳಿಗೆ ಕಸೂತಿಯ ಹೊದಿಕೆಗಳನ್ನು ಹೊಲಿದಳು. ತೋಟದ ನೋಟಗಳನ್ನು ಚಿತ್ರಿಸಿದಳು. ಅತಿಥಿಗಳ ಉಪಚಾರ, ಆಳುಗಳ ಮೇಲ್ವಿಚಾರಣೆ, ಬಡವರ ಯೋಗಕ್ಷೇಮ ಇವುಗಳ ನಡುವೆ ಇವನ್ನೆಲ್ಲ ಮಾಡಿದಳೆಂಬುದನ್ನು ಮರೆಯಬಾರದು. ಗಂಡನ ಮೊದಲನೆಯ ಹೆಂಡತಿಯ ಆಸ್ತಿಯ ಸಂಬಂಧವಾದ ವ್ಯಾಜ್ಯವು ಅನೇಕ ವರ್ಷ ಅವರನ್ನು ಬಾಧಿಸಿತು. ಆ ದಿನಗಳಲ್ಲಿಯೂ ಆಕೆಯ ಸೂಜಿ ಕುಂಚಗಳು ನಿಲ್ಲಲಿಲ್ಲ.

1761ರಲ್ಲಿ ಪ್ರಾಣಕ್ಕೆ ಸಮಾನಳಾಗಿದ್ದ ತಂಗಿಯು ತೀರಿಕೊಂಡಳು. 1768ನೇ ಇಸವಿ ಮೇ ತಿಂಗಳಲ್ಲಿ ಬಾತ್ ಪಟ್ಟಣದಲ್ಲಿ ಗಂಡನೂ ಪರಲೋಕ ಸೇರಿದನು. ಇಪ್ಪತ್ತೈದು ವರ್ಷಗಳ ಸುಖದಾಂಪತ್ಯವು ಮುಗಿದು, ಡೆಲ್‌ವಿಲ್ ಮನೆಯೂ ಆಕೆಯ ಕೈಬಿಟ್ಟಿತು. ಮಕ್ಕಳಿಲ್ಲದ, ಅರುವತ್ತೆಂಟು ವರ್ಷದ ವಿಧವೆಗೆ ಇನ್ನೇನು ಉಳಿದೀತು? ಲೋಕದ ಲೆಕ್ಕದಲ್ಲಿ ಅಲ್ಲಿಗೆ ಕಥೆಯು ಮುಗಿಯಬೇಕು.

ಆಗ ಆಕೆಯ ಬಹುಕಾಲದ ಸ್ನೇಹಿತೆಯಾದ ಪೋರ್ಟ್‌ಲೆಂಡಿನ ಡಚೆಸ್ ಮಾರ್ಗರೆಟಳು ಕೈಹಿಡಿದು ಆದರಿಸಿದಳು. ಈಕೆಯೂ ವಿಧವೆ. ಬಕಿಂಗ್‌ಹ್ಯಾಮ್‌ಷೈರ್ ಸೀಮೆಯಲ್ಲಿ ಬುಲ್‌ಸ್ಟ್ರೋಡ್ ಎಂಬ ಈಕೆಯ ದೊಡ್ಡ ಮನೆಯಲ್ಲಿ ಮೇರಿಯು ಪ್ರತಿ ವರ್ಷವೂ ಅನೇಕ ತಿಂಗಳು ಇರುವುದು ವಾಡಿಕೆಯಾಯಿತು. ಆ ಮನೆಯು ಒಂದು ವಿದ್ಯಾಶಾಲೆಯಂತಿತ್ತು. ಸಸ್ಯಗಳು, ಚಿಪ್ಪುಗಳು, ಹಕ್ಕಿಗಳು, ಪ್ರಾಣಿಗಳು ಇವುಗಳನ್ನು ಸಂಗ್ರಹಿಸಿ ಶಾಸ್ತ್ರೀಯವಾಗಿ ಜೋಡಿಸುವುದರಲ್ಲಿ ಡಚೆಸ್ಸಳಿಗೆ ಅಪಾರ ಆಸಕ್ತಿ. ಸಸ್ಯಶಾಸ್ತ್ರಜ್ಞನೂ ಪಾದ್ರಿಯೂ ಆದ ಜಾನ್ ಲೈಟ್‌ಫುಟ್ ಎಂಬುವನು ಆ ಮನೆಯಲ್ಲಿದ್ದನು. ಹೂಗಳ ಚಿತ್ರಕಾರನಾದ ಎಹ್ರೆಟನು ಅಲ್ಲಿ ಕೆಲಸ ಮಾಡಿದ್ದನು. ಕ್ಯಾಪ್ಟನ್ ಕುಕ್ಕನೊಂದಿಗೆ ಭೂಮಿಯನ್ನು ಸುತ್ತಿ 1771ರಲ್ಲಿ ಹಿಂದಿರುಗಿದ ಜೋಸೆಫ್ ಬ್ಯಾಂಕ್ಸ್ ಮತ್ತು ಸೊಲಾಂಡರ್ ಎಂಬ ಪಂಡಿತರು ಅತಿಥಿಗಳಾಗಿ ಬಂದರು. ಇವರ ಸಹವಾಸದಲ್ಲಿ ಮೇರಿಯು ಸ್ವೀಡನ್ನಿನ ಲಿನ್ನೇಯಸನು ಸಸ್ಯಗಳನ್ನು ವಿಂಗಡಿಸಿದ ಕ್ರಮವನ್ನು ಕಲಿತಳು. ಇಂಗ್ಲೆಂಡಿನ ಸಸ್ಯಗಳ ಬಗ್ಗೆ ಹಡ್ಸನ್ ಎಂಬುವನು ಲ್ಯಾಟಿನಿನಲ್ಲಿ ಬರೆದಿದ್ದ ಗ್ರಂಥವನ್ನು ಇಂಗ್ಲಿಷಿಗೆ ಭಾಷಾಂತರ ಮಾಡಿದಳು. ಎಪ್ಪತ್ತನ್ನು ಸಮೀಪಿಸಿದವಳು ಹೊಸ ಶಾಸ್ತ್ರವೊಂದನ್ನು ವಿದ್ಯಾರ್ಥಿನಿಯಂತೆ ಮೊದಲಿನಿಂದ ಕಲಿತಳೆಂಬುದೇ ದೊಡ್ಡ ಸಂಗತಿ.

1772ನೇ ಇಸವಿಯಲ್ಲಿ, ಆಕೆಯ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಒಂದು ದಿನ ಮೇಜಿನ ಮೇಲೆ ಕೆಂಪು ಕಾಗದದ ಚೂರೊಂದು ಬಿದ್ದಿತ್ತು. ಅದರ ಹತ್ತಿರ ಜಿರೇನಿಯಮ್ ಹೂವೊಂದಿತ್ತು. ಕಾಗದದ ಬಣ್ಣವೂ ಹೂದಳದ ಬಣ್ಣವೂ ಒಂದೇ ಆಗಿರುವುದನ್ನು ಆಕೆಯು ಕಂಡಳು. ಕತ್ತರಿಯನ್ನು ತೆಗೆದುಕೊಂಡು ದಳದ ಆಕಾರಕ್ಕೆ ಕಾಗದವನ್ನು ಕತ್ತರಿಸಿ, ಎಲೆಗೆ ಹಸುರು ಕಾಗದವನ್ನು ಆರಿಸಿ ಜೋಡಿಸಿಟ್ಟಳು. ಡಚೆಸ್ಸಳು ಒಳಗೆ ಬಂದು, ನಿಜವಾದ ಹೂದಳಗಳನ್ನೇ ಹರಡಿರುವಳೆಂದು ಭ್ರಮಿಸಿ, ಏನು ಮಾಡುತ್ತಿರುವೆಯೆಂದು ಕೇಳಿದಳಂತೆ. ಆರನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಕಾಗದದ ಹೂ ಕತ್ತರಿಸಿದ ಕೈಯೇ ಅದು. ಆ ವರ್ಷ ಅಕ್ಟೋಬರಿನಲ್ಲಿ ತಂಗಿಯ ಮಗಳಿಗೆ ಬರೆದ ಕಾಗದದಲ್ಲಿ, ಹೂಗಳನ್ನು ಅನುಕರಿಸುವ ಒಂದು ಹೊಸ ಬಗೆಯನ್ನು ಕಂಡುಕೊಂಡೆನೆಂದು ಆಕೆಯು ಸಂತೋಷದಿಂದ ತಿಳಿಸಿದಳು.

ಈ ಕೆಲಸದ ಕ್ರಮವನ್ನು ವಿವರಿಸುವುದು ಅವಶ್ಯ. ಸುಮಾರು 13 ಅಂಗುಲ ಉದ್ದವೂ 9 ಅಂಗುಲ ಅಗಲವೂ ಉಳ್ಳ ಕಾಗದಕ್ಕೆ ಮೊದಲು ಕಪ್ಪು ಬಣ್ಣವನ್ನು ಬಳಿಯುವಳು. ಹಿಂದಿನ ಕಾಲದ ಕಪ್ಪು ಉಡುಪನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ಆಮೇಲೆ ಜೀವಂತವಾದ ಗಿಡದ ರೆಂಬೆಯನ್ನು ಎದುರಿಗಿಟ್ಟುಕೊಂಡು, ಅದರ ದಳ, ಕೇಸರ, ತೊಟ್ಟು, ಎಲೆ, ಎಲೆಯ ನರ ಇವುಗಳಿಗೆ ತಕ್ಕ ಬಣ್ಣದ ತೆಳು ಕಾಗದವನ್ನು ಆರಿಸಿ, ಮುಂಚಿತವಾಗಿ ಗೆರೆಯೆಳೆಯದೆ ಕಣ್ಣಳತೆಯಿಂದಲೇ ಕತ್ತರಿಸುವಳು. ಒಂದು ಚೂರಿನ ಮೇಲೆ ಇನ್ನೊಂದು ಚೂರನ್ನಿಟ್ಟು ಅಂಟಿಸುವುದರಿಂದ ನೆರಳೂ ಬೆಳಕೂ ಉಂಟಾಗುವುವು. ಬೇಕಾದ ಬಣ್ಣ ಸಿಕ್ಕದಿದ್ದರೆ ಕಾಗದಕ್ಕೆ ತಾನೇ ಬಣ್ಣ ಹಾಕುವಳು. ಕೆಲವು ಚಿತ್ರಗಳಲ್ಲಿ ನಿಜವಾದ ಒಣಗಿದ ಎಲೆಯನ್ನೂ ಸೇರಿಸಿದ್ದಾಳೆ. ಪ್ಯಾಷನ್ ಹೂವಿನ ಜಾತಿಯ ಒಂದು ಚಿತ್ರದಲ್ಲಿ ಹೂವೊಂದಕ್ಕೇ 200ಕ್ಕೂ ಹೆಚ್ಚು ಚೂರುಗಳುಂಟು. ಕೂದಲೆಳೆಯಷ್ಟು ಸಣ್ಣ ಚೂರುಗಳನ್ನು ಎಪ್ಪತ್ತು ದಾಟಿದ ಬೆರಳುಗಳು ಹಿಡಿದಿಟ್ಟವೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಮುಗಿದ ಮೇಲೆ ಗಿಡದ ಲ್ಯಾಟಿನ್ ಹೆಸರು, ರೂಢಿಯ ಹೆಸರು, ಮಾಡಿದ ದಿನ, ಮಾಡಿದ ಸ್ಥಳ, ಗಿಡವನ್ನು ಕೊಟ್ಟವರ ಹೆಸರು ಇವುಗಳನ್ನು ಬರೆದಿಡುವಳು. ಅಂದವೂ ಸತ್ಯವೂ ಹೀಗೆ ಒಂದೇ ಹಾಳೆಯಲ್ಲಿ ಕೂಡಿದುವು.

ಆಕೆಯ ಕೆಲಸದ ಸ್ಥಳವಾದರೋ ಬುಲ್‌ಸ್ಟ್ರೋಡಿನ ಒಂದು ಕೊಠಡಿ, ಇಲ್ಲವೆ ಲಂಡನ್ನಿನಲ್ಲಿದ್ದ ಆಕೆಯ ಸಣ್ಣ ಮನೆ. ಬೇಕಾದದ್ದು ಬೆಳಕು, ಮೇಜು, ಕತ್ತರಿ, ಅಂಟು, ಕಾಗದ ಇಷ್ಟೇ. ಆಕೆಗೆ ಸ್ಫೂರ್ತಿಯು ಎಲ್ಲಿಂದ ಬಂತೆಂದು ಕೇಳುವವರಿಗೆ ನಾಲ್ಕು ಮೂಲಗಳನ್ನು ತೋರಿಸಬಹುದು. ಮೊದಲನೆಯದು, ಕಣ್ಣೆದುರಿಗಿರುವ ಹೂವು. ನೆನಪಿನಿಂದಾಗಲಿ ಬೇರೊಬ್ಬರ ಚಿತ್ರದಿಂದಾಗಲಿ ಮಾಡದೆ ಗಿಡವನ್ನೇ ನೋಡಿ ಮಾಡುವುದು ಆಕೆಯ ನಿಯಮ. ಎರಡನೆಯದು, ಬಲ್ಲವರ ಸಹವಾಸ. ಮೂರನೆಯದು, ಬಾಲ್ಯದಿಂದ ಕಲಿತು ಬಿಡದೆ ಬಂದ ಕೆಲಸಗಳು. ಕಸೂತಿಯು ಬಣ್ಣವನ್ನೂ, ಚಿಪ್ಪಿನ ಕೆಲಸವು ಜೋಡಣೆಯನ್ನೂ, ಚಿತ್ರಲೇಖನವು ಆಕಾರವನ್ನೂ ಆಕೆಗೆ ಕಲಿಸಿದ್ದುವು. ನಾಲ್ಕನೆಯದು, ಭಕ್ತಿ. ಹೊಲದ ಹೂಗಳ ಕಡೆಗೆ ತನ್ನ ಶಿಷ್ಯರ ಕಣ್ಣನ್ನು ತಿರುಗಿಸಿದ ಗುರುವನ್ನು ನಂಬಿದವಳಾಗಿ, ಪ್ರತಿಯೊಂದು ಗಿಡದಲ್ಲಿಯೂ ಸೃಷ್ಟಿಕರ್ತನ ಕೈಯನ್ನು ಆಕೆಯು ಕಂಡಳು. ಗಂಡನನ್ನು ಕಳೆದುಕೊಂಡ ದುಃಖವು ಈ ಕೆಲಸದಲ್ಲಿ ಶಾಂತವಾಯಿತು.

ಕೆಲಸದ ಸುದ್ದಿಯು ಹರಡಲು ಗಿಡಗಳು ದೂರದಿಂದ ಬರತೊಡಗಿದುವು. ಮೂರನೆಯ ಜಾರ್ಜ್ ಅರಸನೂ ಷಾರ್ಲೆಟ್ ರಾಣಿಯೂ ಬುಲ್‌ಸ್ಟ್ರೋಡಿಗೆ ಬಂದು ಚಿತ್ರಗಳನ್ನು ನೋಡಿ ಮೆಚ್ಚಿದರು. ಕ್ಯೂ ಎಂಬಲ್ಲಿದ್ದ ರಾಜೋದ್ಯಾನದಿಂದ ಅಪೂರ್ವವಾದ ಗಿಡಗಳನ್ನು ಆಕೆಗೆ ಕಳುಹಿಸಬೇಕೆಂದು ಅಪ್ಪಣೆಯಾಯಿತು. ಸ್ನೇಹಿತೆಯಾದ ಡಚೆಸ್ಸಳ ಗೌರವಾರ್ಥವಾಗಿ ಪೋರ್ಟ್‌ಲೆಂಡಿಯ ಎಂದು ಹೆಸರಿಟ್ಟಿದ್ದ ಬಿಳಿ ಹೂವಿನ ಚಿತ್ರವೂ ಈ ಸಂಗ್ರಹದಲ್ಲಿದೆ. ಅರಮನೆಯ ಹೂವಿಗೂ ಬೇಲಿಯ ಹೂವಿಗೂ ಆಕೆಯು ಭೇದವೆಣಿಸಲಿಲ್ಲ. ಹೊಲದ ಅಂಚಿನ ಸಾಧಾರಣ ಕಳೆಗಿಡಗಳೂ ಕಪ್ಪು ಹಾಳೆಯ ಮೇಲೆ ಅಷ್ಟೇ ಗೌರವದಿಂದ ನಿಂತಿವೆ.

ಒಂದು ಸಾವಿರ ಹೂಗಳನ್ನು ಪೂರ್ತಿಮಾಡಬೇಕೆಂದು ಆಕೆಯು ಸಂಕಲ್ಪಿಸಿದ್ದಳು. 1782ರ ಹೊತ್ತಿಗೆ 985 ಚಿತ್ರಗಳು ಸಿದ್ಧವಾಗಿದ್ದುವು. ಹತ್ತು ವರ್ಷಗಳಲ್ಲಿ ಸರಾಸರಿ ನಾಲ್ಕು ದಿನ ತುಂಬುವುದರೊಳಗೆ ಒಂದು ಚಿತ್ರವಾದಂತಾಯಿತು. ಅಷ್ಟರಲ್ಲಿ ಎಂಬತ್ತೆರಡು ವರ್ಷದ ಆಕೆಯ ಕಣ್ಣುಗಳು ಮಂದವಾದುವು. ಇನ್ನು ಹದಿನೈದೇ ಬೇಕಾಗಿತ್ತು. ಆದರೆ ಕಾಣದ ಹೂವನ್ನು ಕಂಡಂತೆ ಮಾಡಿ ಲೆಕ್ಕ ತುಂಬಿಸುವುದಕ್ಕೆ ಆಕೆಯು ಒಪ್ಪಲಿಲ್ಲ. ಸರಿಯಾಗಿ ನೋಡಲಾಗದ ದಿನ ಕತ್ತರಿಯನ್ನು ಕೆಳಗಿಟ್ಟಳು. ನನ್ನ ಮನಸ್ಸಿಗೆ ಆ 985 ಎಂಬ ಅಂಕೆಯು ಸಾವಿರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

1785ರಲ್ಲಿ ಡಚೆಸ್ಸಳು ತೀರಿಕೊಂಡಾಗ ಅರಸನು ಮೇರಿಗೆ ವಿಂಡ್ಸರಿನಲ್ಲಿ ಒಂದು ಮನೆಯನ್ನೂ ವರ್ಷಕ್ಕೆ 300 ಪೌಂಡುಗಳ ವೇತನವನ್ನೂ ಕೊಟ್ಟನು. ರಾಜಕುಟುಂಬದವರು ಆ ಮನೆಗೆ ನೆರೆಯವರಂತೆ ಬಂದು ಹೋಗುತ್ತಿದ್ದರು. ತಂಗಿಯ ಮೊಮ್ಮಗಳಾದ ಜಾರ್ಜಿಯಾನ ಎಂಬ ಹುಡುಗಿಯನ್ನು ಮೇರಿಯು ಹತ್ತಿರವಿಟ್ಟುಕೊಂಡು ವಿದ್ಯೆ ಕಲಿಸಿದಳು. 1788ನೇ ಇಸವಿ ಏಪ್ರಿಲ್ 15ನೇ ತಾರೀಕು ತನ್ನ ಎಂಬತ್ತೆಂಟನೆಯ ವಯಸ್ಸು ತುಂಬಲು ಒಂದು ತಿಂಗಳು ಇರುವಾಗ ಲಂಡನ್ನಿನಲ್ಲಿ ಕಾಲವಾದಳು. ಪಿಕಡಿಲಿಯ ಸೇಂಟ್ ಜೇಮ್ಸ್ ದೇವಾಲಯದಲ್ಲಿ ಆಕೆಯ ಸಮಾಧಿಯಾಯಿತು. ಜಾರ್ಜಿಯಾನಳ ಮಗಳಾದ ಲೇಡಿ ಲ್ಯಾನೋವರಳು ಆಕೆಯ ಕಾಗದಗಳನ್ನು 1861 ಮತ್ತು 1862ರಲ್ಲಿ ಆರು ಸಂಪುಟಗಳಾಗಿ ಪ್ರಕಟಿಸಿದಳು. ಆಕೆಯ ಮರಣಶಾಸನದ ಪ್ರಕಾರ ಕಾಗದದ ಹೂಗಳ ಹತ್ತು ಸಂಪುಟಗಳು 1897ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದುವು. ಅವು ಈಗಲೂ ಅಲ್ಲಿವೆ.

ಪ್ರಿಯ ಹಳೇ ವಿದ್ಯಾರ್ಥಿನಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಮೇರಿ ಡಿಲೇನಿಗೆ ಇದ್ದಂಥ ಶ್ರೀಮಂತ ಸ್ನೇಹಿತೆಯೂ ರಾಜನ ಉದ್ಯಾನವೂ ನಮಗಿಲ್ಲವೆಂದು ನೀವು ಹೇಳಬಹುದು. ನಿಜ. ಆದರೆ ಕಿಟಕಿಯ ಪಕ್ಕದಲ್ಲಿ ಒಂದು ಮಣೆ ಹಾಕುವಷ್ಟು ಸ್ಥಳವು ಸಣ್ಣ ಮನೆಯಲ್ಲಿಯೂ ಸಿಕ್ಕುವುದು. ಅಟ್ಟದ ಮೇಲಿನ ಆ ಡಬ್ಬಿಯನ್ನು ಕೆಳಗಿಳಿಸಿರಿ. ಹಿತ್ತಿಲಿನ ಒಂದು ಹೂವನ್ನು ಕಿತ್ತು ತಂದು ಎದುರಿಗಿಟ್ಟುಕೊಳ್ಳಿರಿ. ಹುಣಸೆಯ ಹೂವಿನ ಹಳದಿ ದಳದ ಮೇಲೆ ಕೆಂಪು ಗೆರೆಗಳಿರುವುದನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಪ್ರತಿದಿನ ಆ ಮರದ ಕೆಳಗೆ ನಡೆದವರೂ ನೋಡಿರುವುದಿಲ್ಲ. ಅದನ್ನು ಮಣಿಯಲ್ಲಿಯೋ ನೂಲಿನಲ್ಲಿಯೋ ತರಲು ಯತ್ನಿಸಿದವಳಿಗೆ ಅದು ತಾನಾಗಿ ಕಾಣುವುದು. ಕೈಕೆಲಸದ ದೊಡ್ಡ ಉಪಯೋಗವು ಇದೇ: ಅದು ಕಣ್ಣನ್ನು ತೆರೆಯಿಸುತ್ತದೆ.

ಪೋಷಕರಲ್ಲಿಯೂ ಒಂದು ಮಾತು. ಹದಿನೇಳನೆಯ ವಯಸ್ಸಿನ ಮೇರಿಯಲ್ಲಿ ಹಿರಿಯರು ಕಂಡದ್ದು ಮದುವೆಗೆ ಬಂದ ಹುಡುಗಿಯೊಬ್ಬಳನ್ನು. ಆಕೆಯ ಬೆರಳುಗಳಲ್ಲಿ ಏನಡಗಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ನಿಮ್ಮ ಮಗಳು ಶಾಲೆಯಿಂದ ತರುವ ಬಣ್ಣದ ಕಾಗದದ ಚೂರುಗಳನ್ನೂ ಅರೆಮುಗಿದ ಮಣಿಯ ಸರವನ್ನೂ ಕಸವೆಂದು ಗುಡಿಸಬೇಡಿರಿ. ಆಕೆಯ ಓದನ್ನು ಅವಸರದಿಂದ ನಿಲ್ಲಿಸಬೇಡಿರಿ. ನಾವು ಶಾಲೆಯಲ್ಲಿ ಬಿತ್ತುವ ಬೀಜವು ಯಾವ ವರ್ಷದಲ್ಲಿ ಮೊಳೆಯುವುದೆಂದು ಬಿತ್ತುವವರಿಗೂ ತಿಳಿಯದು. ಬೆಳೆಯಿಸುವಾತನಾದ ದೇವರಿಗೆ ಮಾತ್ರ ಆ ಕಾಲವು ಗೊತ್ತು. ನಮ್ಮ ಶಾಲೆಯಲ್ಲಿ ಕಲಿತ ಪ್ರತಿಯೊಬ್ಬಳ ಬೆರಳುಗಳನ್ನೂ ಆತನು ಆಶೀರ್ವದಿಸಲಿ.